ಬಿಸಿಲಿಗೆ ಅಂಜದ ಮಾನಿಟರ್

1997ರಲ್ಲಿ ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಜಿಲ್ಲೆಯಾಯಿತು. ಅದೇ ವರ್ಷ ಅಮೆರಿಕದಲ್ಲಿ ಎಂಐಟಿಯ ಮೀಡಿಯಾ ಲ್ಯಾಬಿನವರು ಇ-ಇಂಕ್ ಎಂಬ ಕಂಪನಿ ಕಟ್ಟಿದರು. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಹೊಸ ಮೊಹರು, ರಾಶಿ ರಾಶಿ ಹೊಸ ಕಾಗದ. ಕಂಪನಿ ಮಾಡಹೊರಟದ್ದೂ ಕಾಗದವನ್ನೇ. ಒಂದೇ ಹಾಳೆಯ ಮೇಲೆ ಲಕ್ಷ ಸಲ ಬರೆದು ಅಳಿಸುವಂಥದ್ದು. ಇಷ್ಟು ವರ್ಷವಾದರೂ ಇವೆರಡೂ ಸರಿಯಾಗಿ ಸಂಧಿಸಿಲ್ಲ. ಸಂಧಿಸುವುದಾದರೆ ಅದೇ ಜಿಲ್ಲೆಯ ಮಾರ್ಟಳ್ಳಿ ಎಂಬ ಹಳ್ಳಿಗಿಂತ ಯೋಗ್ಯ ಜಾಗ ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲೂ ಇಲ್ಲ ಎಂಬುದು ನನ್ನ ವಾದ.

ಮೊದಲು ವಸ್ತುವನ್ನು ಹತ್ತಿರದಿಂದ ನೋಡೋಣ. ಈ ಇ-ಕಾಗದದ ಪರದೆಯ ಒಳಗೆ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳಿವೆ. ಒಂದೊಂದರಲ್ಲೂ ಎಣ್ಣೆಯಂಥ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಪುಡಿ. ಬಿಳಿಗೆ ಒಂದು ವಿದ್ಯುದಂಶ, ಕಪ್ಪಿಗೆ ಅದರ ವಿರುದ್ಧದ್ದು. ಕೆಳಗಿನಿಂದ ವೋಲ್ಟೇಜ್ ಕೊಟ್ಟರೆ ಒಂದು ಮೇಲೇಳುತ್ತದೆ, ಇನ್ನೊಂದು ತಳ ಸೇರುತ್ತದೆ. ಹಿಂದಿನಿಂದ ದೀಪವಿಲ್ಲ, ಹೊರಗಿನ ಬೆಳಕು ಬಿದ್ದು ವಾಪಸ್ ಬಂದರಷ್ಟೇ ಅಕ್ಷರ ಕಾಣುವುದು. ಇದು ನಮಗೆ ತೀರಾ ಹೊಸದೇನಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತ ಕನ್ನಡ ನಾಡಿನ ಅಂಗಡಿಗಳಲ್ಲೂ ಮಠಗಳಲ್ಲೂ ಇತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಉಳಿದಿವೆ. ಬರೆದು, ಅಳಿಸಿ, ಮತ್ತೆ ಬರೆಯಬಹುದಿತ್ತು, ಚಾರ್ಜರ್ ಬೇಕಿರಲಿಲ್ಲ.

ಈಗ ಬಿಸಿಲಿನ ಲೆಕ್ಕ. ಕಚೇರಿಯ ಸಾಮಾನ್ಯ ಮಾನಿಟರಿನ ಬೆಳಕು 250ರಿಂದ 300 ನಿಟ್. ಮಲೆ ಮಹದೇಶ್ವರ ಬೆಟ್ಟದ ಸೆರಗಿನ ಮಾರ್ಟಳ್ಳಿಯ ಒಣಭೂಮಿಯಲ್ಲಿ ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಜಗುಲಿಯ ನೆರಳಿಗೆ ಅದರ ಹತ್ತನೇ ಒಂದು ಪಾಲು ಬಂದರೂ 10,000. ಇ-ಕಾಗದ ಅದರಲ್ಲಿ ಶೇಕಡಾ 40ರಷ್ಟನ್ನು ವಾಪಸ್ ಕೊಟ್ಟರೆ ಸಾವಿರಕ್ಕೂ ಮೇಲೆ ನಿಟ್ ಆಯಿತು, ಅದೂ ಪುಕ್ಕಟೆ. ಅದೇ ಜಾಗದಲ್ಲಿ ಮಾಮೂಲಿ ಮಾನಿಟರ್ ಇಟ್ಟರೆ ಪಹಣಿಗಿಂತ ಸ್ಪಷ್ಟವಾಗಿ ಕಾಣುವುದು ಪಹಣಿ ಕೇಳಲು ಬಂದವರ ಮುಖ. ಸೂರ್ಯನ ಜೊತೆ ಪೈಪೋಟಿಗಿಳಿದ ಮಾನಿಟರ್ ಸೋಲುತ್ತದೆ, ಸೂರ್ಯನನ್ನೇ ಕೆಲಸಕ್ಕಿಟ್ಟುಕೊಂಡದ್ದು ಗೆಲ್ಲುತ್ತದೆ. ಇದು ಕಣ್ಣಿಗೆ ತಂಪು, ನೀಲಿ ಬೆಳಕು ವಿಷ ಎಂಬ ಜಾಹೀರಾತಿನ ಮಾತನ್ನು ನಾನು ಹೇಳಲಾರೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಉರಿ ಬರುವುದು ಹೆಚ್ಚಾಗಿ ಅದರಿಂದ ಎನ್ನುತ್ತಾರೆ ಕಣ್ಣಿನ ಡಾಕ್ಟರುಗಳು. ಕಾಗದವನ್ನಾದರೂ ದುರುಗುಟ್ಟಿ ನೋಡುತ್ತಾ ಕೂತರೆ ಉರಿಯುತ್ತದೆ.

ಬಣ್ಣವಿಲ್ಲ ಎನ್ನುವವರಿದ್ದಾರೆ. ಬಣ್ಣದ ಇ-ಕಾಗದವೂ ಬಂದಿದೆ, ಮಾಸಿದ ಸೀರೆಯ ಹಾಗೆ ಇರುತ್ತದೆ, ನಿಜ. ಆದರೆ ಜಾತಿ ಪ್ರಮಾಣಪತ್ರ, ಪಹಣಿ, ನುಡಿ ತಂತ್ರಾಂಶದಲ್ಲಿ ಟೈಪಿಸಿದ ಅರ್ಜಿ, ಇವುಗಳಲ್ಲಿ ಯಾವುದಕ್ಕೆ ಬಣ್ಣ ಬೇಕು? ಕೆಲಸವೆಲ್ಲ ಅಕ್ಷರದ್ದು. 25.3 ಇಂಚಿನ ಇ-ಕಾಗದದ ಮಾನಿಟರಿನಲ್ಲಿ ಅಡ್ಡಕ್ಕೆ 3,200, ಉದ್ದಕ್ಕೆ 1,800 ಚುಕ್ಕಿ. ಅಂದರೆ ಇಂಚಿಗೆ 145. ಮಾಮೂಲಿ 22 ಇಂಚಿನದರಲ್ಲಿ ನೂರು. ಇಂಗ್ಲಿಷಿಗೆ ನೂರು ಸಾಕು. ಒತ್ತಕ್ಷರವನ್ನು ಪಾದದಡಿ ಇಟ್ಟುಕೊಳ್ಳುವ, ‘ದ’ಕಾರದ ಹೊಟ್ಟೆ ಸೀಳಿ ‘ಧ’ ಮಾಡುವ ಕನ್ನಡಕ್ಕೆ ಸಾಲದು. ಮಾರ್ಟಳ್ಳಿಯಲ್ಲಿ ಈ ತೊಡಕು ಇನ್ನೊಂದು ಸುತ್ತು ಹೆಚ್ಚು. ಅಲ್ಲಿ ಬಹಳಷ್ಟು ಕ್ರೈಸ್ತ ಕುಟುಂಬಗಳ ಮನೆಮಾತು ತಮಿಳು, ಸರ್ಕಾರದ ಕಾಗದ ಕನ್ನಡ. ಆರೋಗ್ಯಸಾಮಿ ಎಂಬ ಹೆಸರು ಟೈಪಿಸುವಾಗ ‘ಆ’ ಹೋಗಿ ‘ಅ’ ಬಂತೋ, ಪಹಣಿಯ ಮನುಷ್ಯನೇ ಬೇರೆ, ಆಧಾರಿನ ಮನುಷ್ಯನೇ ಬೇರೆ. ಆಮೇಲೆ ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಬೇಕು.

ಹಾಗಾದರೆ ಇದೇ ಇ-ಕಾಗದದ ಕಿಂಡಲ್ ಸಾಲದೇ ಎಂದು ಕೇಳಬಹುದು. 2016ರಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊರಗೆ ನಿಂತಿತು. ಮಾರ್ಟಳ್ಳಿಯವರು ಮನೆಮಾತಿನಲ್ಲಿ ಕಾದಂಬರಿ ಓದಬಹುದಿತ್ತು, ಅರ್ಜಿಯ ಭಾಷೆಯಲ್ಲಿ ಇಲ್ಲ. ಮಾನಿಟರಿಗೆ ಇಂಥ ಪಂಕ್ತಿಭೇದವಿಲ್ಲ. ಕಂಪ್ಯೂಟರ್ ಕಳಿಸಿದ ಚುಕ್ಕಿಯನ್ನು ತೋರಿಸುತ್ತದೆ, ಯಾವ ಲಿಪಿ ಎಂದು ಕೇಳುವುದಿಲ್ಲ.

ನಿಧಾನ ಎಂಬುದು ಇನ್ನೊಂದು ದೂರು. ಮೌಸ್ ಆಡಿಸಿದರೆ ಬಾಣ ತಡವಾಗಿ ಹಿಂದೆ ಬರುತ್ತದೆ, ಪುಟ ಬದಲಿಸಿದರೆ ಹಳೆಯ ಅಕ್ಷರದ ನೆರಳು ಉಳಿಯುತ್ತದೆ, ಅದನ್ನು ತೊಳೆಯಲು ಪರದೆ ಒಮ್ಮೆ ಪೂರ್ತಿ ಕಪ್ಪಾಗಿ ಮಿಟುಕಬೇಕು. ಕ್ರಿಕೆಟ್ಟಿಗೆ ಖಂಡಿತ ಆಗದು. ಚೆಂಡು ಬೌಂಡರಿ ದಾಟಿದ ಮೇಲೂ ಬೌಲರ್ ಇನ್ನೂ ಓಡುತ್ತಿರುತ್ತಾನೆ. ಆದರೆ ಸರ್ಕಾರಿ ವೆಬ್‌ಸೈಟು ತೆರೆಯಲು ಹಿಡಿಯುವ ಹೊತ್ತಿನ ಮುಂದೆ ಪರದೆಯ ಅರೆ ಸೆಕೆಂಡು ಯಾವ ಲೆಕ್ಕ? ಸರದಿಯಲ್ಲಿ ನಿಂತವರ ದೃಷ್ಟಿಯಿಂದಂತೂ ಗುಮಾಸ್ತರು ರೀಲ್ಸ್ ನೋಡಲಾಗದ ಮಾನಿಟರಿಗೆ ಸಬ್ಸಿಡಿಯನ್ನೇ ಕೊಡಬೇಕು.

ಬೆಲೆಯ ಆಕ್ಷೇಪಕ್ಕೆ ಮಾತ್ರ ಕುಂಟು ಉತ್ತರವೇ ಗತಿ. ಈ 25 ಇಂಚಿನದು ಸುಮಾರು 1,800 ಡಾಲರಿಗೆ ಮಾರುಕಟ್ಟೆಗೆ ಬಂತು. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿ. ಅಷ್ಟಕ್ಕೆ ಮಾಮೂಲಿ ಮಾನಿಟರ್ ಹತ್ತಾರು ಬರುತ್ತವೆ. 13 ಇಂಚಿನದು ಅಗ್ಗ, ಆದರೂ ಅಗ್ಗವಲ್ಲ. ಅರ್ಜಿ ಬರೆಯುವ ಒಂದೇ ಮೇಜಿಗೆ ಒಂದು ಎಂದು ಶುರುಮಾಡಬಹುದು, ಅಷ್ಟೇ.

ಕೊನೆಯ ಆಕ್ಷೇಪ ಕರೆಂಟಿನದು. ರಾತ್ರಿ ದೀಪ ಹೋದರೆ ಇದೂ ಕಾಣುವುದಿಲ್ಲ, ಒಪ್ಪಿದೆ. ಹಗಲಿನ ಕಥೆ ಬೇರೆ. ಒಮ್ಮೆ ಮೇಲೆದ್ದ ಪುಡಿಗೆ ಅಲ್ಲೇ ನಿಲ್ಲಲು ವಿದ್ಯುತ್ ಬೇಡ. ವೈರ್ ಕಿತ್ತರೂ ಕೊನೆಯ ಪುಟ ಹಾಗೇ ಇರುತ್ತದೆ. ಇದನ್ನು ದೊಡ್ಡ ಗುಣವೆಂದು ಹೊಗಳುವವರು ಒಂದು ಮರೆಯುತ್ತಾರೆ. ಕರೆಂಟ್ ಹೋಗುವ ಗಳಿಗೆಯಲ್ಲಿ ಪರದೆಯ ಮೇಲೆ ಪಹಣಿಯೇ ಇರುತ್ತದೆಂದು ಯಾರು ಹೇಳಿದರು? ಇರುವುದು ಬಹುಮಟ್ಟಿಗೆ ‘ಸರ್ವರ್ ಡೌನ್ ಆಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’. ಅದು ಸೋಮವಾರ ಬಾಗಿಲು ತೆರೆಯುವವರೆಗೂ ಅಳಿಸದೆ, ಒಂದು ಯೂನಿಟ್ಟನ್ನೂ ಸುಡದೆ, ಸ್ಪಷ್ಟವಾಗಿ ಓದಲು ಸಿಗುತ್ತದೆ.