ಖಾಯಂ ಪ್ರತಿನಿಧಿ

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಯಾವ ಊರಲ್ಲೇ ನಡೆಯಲಿ, ನೋಂದಣಿ ಕೌಂಟರಿನ ಮುಂದೆ ರಸೀದಿ ಹಿಡಿದು ‘ಕಿಟ್ ಎಲ್ರೀ?’ ಎಂದು ಜಗಳ ಕಾಯುತ್ತಿರುವವರು ನಮ್ಮ ಪ್ರತಿನಿಧಿ ಮೇಷ್ಟ್ರು. ತುಮಕೂರು ಕಡೆಯ ಪ್ರೌಢಶಾಲೆಯೊಂದರ ಕನ್ನಡ ಪಂಡಿತರು. ಹೆಗಲಲ್ಲಿರುವುದು ಹಿಂದಿನ ಸಮ್ಮೇಳನದ ಚೀಲ. ಈ ಸಲದ್ದು ಕೈಗೆ ಬಂದೊಡನೆ ಅದನ್ನು ಮಡಿಸಿ ಇದರೊಳಗೆ ಇಟ್ಟುಬಿಡುತ್ತಾರೆ. ಅದು ಮುಂದಿನ ಸಲಕ್ಕೆ.

ಅವರ ಮನೆಯಲ್ಲಿ ಇಸವಿ ಎಂಬುದಿಲ್ಲ, ಸಮ್ಮೇಳನಗಳೇ. ದೊಡ್ಡ ಮಗಳ ಮದುವೆ ರಾಯಚೂರಾದ ಮರುಬೇಸಿಗೆ. ಮನೆ ಸಾಲ ತೀರಿದ್ದು ಧಾರವಾಡದ ವರ್ಷ. ಮಂಡಿನೋವು ಹಿಡಿದದ್ದು ಮಡಿಕೇರಿಯ ಜನವರಿ ಚಳಿಯಲ್ಲಿ. 2020ರ ಫೆಬ್ರವರಿಯಲ್ಲಿ ಕಲಬುರಗಿ ಮುಗಿದ ಮೇಲೆ ಕೊರೊನಾ ವಕ್ಕರಿಸಿ, ಹಾವೇರಿ ಮುಂದೆ ಮುಂದೆ ಹೋಗಿ 2023ರ ಜನವರಿಗೆ ಬಂತಲ್ಲ, ಆ ನಡುವೆ ಏನೇನಾಯಿತೋ ಅವರಿಗೆ ಲೆಕ್ಕಕ್ಕೇ ಸಿಗುವುದಿಲ್ಲ. ಮೊಮ್ಮಗ ಹುಟ್ಟಿದ್ದು ಆಗಲೇ. ಪಾಪ, ಅವನ ಹುಟ್ಟುಹಬ್ಬ ಅಜ್ಜನಿಗೆ ವರ್ಷಾ ವರ್ಷಾ ಮರೆತುಹೋಗುತ್ತದೆ.

1915ರಲ್ಲಿ ಬೆಂಗಳೂರಿನ ಮೊದಲ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯನವರಿಂದ ಮಂಡ್ಯ ಸಮ್ಮೇಳನದ ಗೊ.ರು. ಚನ್ನಬಸಪ್ಪನವರ ತನಕ ಅಷ್ಟೂ ಹೆಸರನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ‘ನಂಜುಂಡಯ್ಯನವರದ್ದು ಒಂದು ಪುಸ್ತಕ ಹೇಳಿ ಮೇಷ್ಟ್ರೇ’ ಎಂದು ಯಾರಾದರೂ ಕೆಣಕಿದರೆ, ‘ಊಟದ ಕ್ಯೂ ಬೆಳೀತಾ ಇದೆ’ ಎಂದು ಎದ್ದು ನಡೆಯುತ್ತಾರೆ.

ಪ್ರತಿನಿಧಿಗಳ ವಸತಿಯೆಂದರೆ ಯಾವುದೋ ಶಾಲೆಯ ಕೋಣೆ, ಇಲ್ಲವೇ ಕಲ್ಯಾಣ ಮಂಟಪ. ಹೊಸಬರು ಅಲ್ಲಿ ಸಾಹಿತ್ಯ ಮಾತಾಡುತ್ತಾ ರಾತ್ರಿಯೆಲ್ಲ ಎಚ್ಚರವಿದ್ದು, ಬೆಳಿಗ್ಗೆ ಬಚ್ಚಲ ಮುಂದೆ ಸಾಲಿನ ಬಾಲ ಹಿಡಿಯುತ್ತಾರೆ. ಮೇಷ್ಟ್ರು ಹಾಗಲ್ಲ. ಸ್ವಂತ ಚೊಂಬು, ಟವಲು ಒಣಹಾಕಲು ನೈಲಾನ್ ಹಗ್ಗ, ಕಿಟಕಿಯ ಪಕ್ಕದ ಜಾಗ. ನಾಲ್ಕು ಗಂಟೆಗೇ ಸ್ನಾನ ಮುಗಿಸಿ, ವಿಭೂತಿ ಬಳಿದುಕೊಂಡು, ಮಲಗಿದ್ದ ಕವಿಗಳನ್ನು ದಾಟಿಕೊಂಡು ತಿಂಡಿಗೆ ಹೊರಟಿರುತ್ತಾರೆ. ಮಂಡ್ಯದಲ್ಲಿ ಬಾಡೂಟ ಬೇಕು ಬೇಡ ಎಂದು ಎರಡು ಪಂಗಡವಾದಾಗ ಇಬ್ಬರ ಮಾತಿಗೂ ತಲೆಯಾಡಿಸಿದವರು ಇವರು. ಊಟ ತಡವಾಗದಿದ್ದರೆ ಯಾವ ಸಿದ್ಧಾಂತಕ್ಕೂ ಅವರ ತಕರಾರಿಲ್ಲ.

ಗೋಷ್ಠಿಗಳ ಬಗ್ಗೆಯೂ ಅವರಿಗೆ ಅಭಿಪ್ರಾಯವುಂಟು. ‘ಎರಡನೇ ಗೋಷ್ಠಿ ಭಾಳ ಚೆನ್ನಾಗಿತ್ತು, ಫ್ಯಾನ್ ಕೆಳಗೇ ಜಾಗ ಸಿಕ್ತು.’ ಉದ್ಘಾಟನೆಯ ಭಾಷಣಗಳು ಮಧ್ಯಾಹ್ನವನ್ನು ನುಂಗಿ, ಮಧ್ಯಾಹ್ನದ ಗೋಷ್ಠಿ ಸಂಜೆಯನ್ನು ನುಂಗುವುದು ಅವರಿಗೆ ಹೊಸದಲ್ಲ. ಆಹ್ವಾನ ಪತ್ರಿಕೆಯನ್ನು ಅದಕ್ಕೇ ಅವರು ಓದುವುದಿಲ್ಲ. ಬಿಸಿಲಿಗೆ ಬೀಸಿಕೊಳ್ಳುತ್ತಾರೆ, ಧೂಳಿದ್ದರೆ ಹಾಸಿಕೊಳ್ಳುತ್ತಾರೆ. ಪುಸ್ತಕ ಮಳಿಗೆಯಲ್ಲಿ ಅರ್ಧ ಬೆಲೆ ಎಂದು ಬರೆದಿದ್ದರೆ ಮಾತ್ರ ತೂಕದ ಪುಸ್ತಕ ನೋಡಿ ಕೊಳ್ಳುತ್ತಾರೆ. ಗದುಗಿನ ಭಾರತ ಹಾಗೆ ಅವರ ಕಪಾಟಿಗೆ ಬೇರೆ ಬೇರೆ ಊರುಗಳಿಂದ ಬಂದು ಸೇರಿದೆ.

ಆದರೆ ಕವಿಗೋಷ್ಠಿಯನ್ನು ಅವರು ತಪ್ಪಿಸಿಕೊಳ್ಳುವವರಲ್ಲ. ಮುಂದಿನ ಸಾಲು, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಅದರೊಳಗೆ ಶುದ್ಧಪ್ರತಿ ಮಾಡಿದ ಒಂದು ಕವನ. ಪಟ್ಟಿಯಲ್ಲಿ ಅವರ ಹೆಸರಿಲ್ಲ, ಯಾವತ್ತೂ ಇದ್ದದ್ದಿಲ್ಲ. ಕರೆದ ಕವಿಗಳಲ್ಲಿ ಒಬ್ಬರಾದರೂ ಬಾರದೆ ಹೋದಾರೆಂಬ ಆಸೆ. ಒಂದು ಊರಿನಲ್ಲಿ ನಿಜಕ್ಕೂ ಒಬ್ಬರು ಬರಲಿಲ್ಲ. ಮೇಷ್ಟ್ರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಅರ್ಧ ಎದ್ದೇಬಿಟ್ಟರು. ನಿರೂಪಕರು ಪಟ್ಟಿಯಲ್ಲಿ ಆ ಹೆಸರಿಗೆ ಗೀಟು ಎಳೆದು, ‘ಸಮಯದ ಅಭಾವವಿದ್ದ ನಮಗೆ ಇದೊಂದು ಉಪಕಾರವೇ ಆಯಿತು’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಎದ್ದಿದ್ದಕ್ಕೆ ನೆಪ ಬೇಕಲ್ಲ, ಮೇಷ್ಟ್ರು ನೀರು ಕುಡಿದು ಬಂದರು.

ನೋಡಿ ನಗುವವರು ನಗಲಿ. ವೇದಿಕೆಯ ಮೇಲಿನವರು ತಮ್ಮ ಸರದಿ ಮುಗಿದೊಡನೆ ಶಾಲು ಮಡಿಸಿಕೊಂಡು ಕಾರು ಹತ್ತುತ್ತಾರೆ. ಕೊನೆಯ ದಿನ ನಿರ್ಣಯ ಓದುವ ಹೊತ್ತಿಗೂ ಕುರ್ಚಿ ಬಿಡದೆ, ಕನ್ನಡ ಶಾಲೆಗಳ ಮಾತು ಬಂದಾಗ ಕೈ ಎತ್ತುವವರು ಇಂಥವರೇ. ಶಾಲೆಯಲ್ಲಿ ಓಓಡಿಗೆ, ಅಂದರೆ ಅನ್ಯಕಾರ್ಯ ನಿಮಿತ್ತದ ಸೌಲಭ್ಯಕ್ಕೆ, ಹಾಜರಾತಿ ಪತ್ರ ಬೇಕು, ಅದು ಸಿಗುವುದು ಆಮೇಲೆಯೇ, ಎಂಬುದೂ ಒಂದು ಕಾರಣ ಎನ್ನಿ.

ಮುಂದಿನ ಸಮ್ಮೇಳನ ಬಳ್ಳಾರಿಯಲ್ಲಿ ಎಂದು ಮಂಡ್ಯದಲ್ಲಿ ಘೋಷಣೆಯಾದದ್ದೇ ತಡ, ಮೇಷ್ಟ್ರು ಪೆಂಡಾಲಿನ ಆಚೆ ಬಂದು ಬಳ್ಳಾರಿಯಲ್ಲಿರುವ ಷಡ್ಡಕನಿಗೆ ಫೋನು ಹಚ್ಚಿದರು. ಈ ಸಲ ಶಾಲೆ ಕೋಣೆಯ ಸಹವಾಸ ಬೇಡ, ನಿಮ್ಮನೇಲೇ ಇಳ್ಕೋತೀನಿ ಎಂದರು.

‘ಬರ್ರಿ ಅಣ್ಣಾರ, ಮನಿ ನಿಮ್ದ ಐತಿ’ ಎಂದ ಅವನು. ಆಮೇಲೆ ಸ್ವಲ್ಪ ತಡೆದು, ‘ಆದ್ರ ರಾತ್ರಿ ಊಟ ಆದ್‌ಮ್ಯಾಲೆ ಕವನ ಓದಂಗಿಲ್ಲ ನೋಡ್ರಿ.’