ದುಡಿಯದ ದುಡ್ಡು

ಅಮೆರಿಕದ ಆದಿಕಾಲದ ಬೆಳ್ಳಿ ಡಾಲರ್ ಸಂಗ್ರಹಿಸುವವರ ಲೋಕದಲ್ಲಿ ದುಡಿಮೆಗೆ ಮರ್ಯಾದೆಯಿಲ್ಲ. ಊರೂರು ಅಲೆದು, ಹೆಂಡದಂಗಡಿಯ ಗಲ್ಲಾಪೆಟ್ಟಿಗೆಗೂ ಬಿದ್ದು, ಮುಖ ಸವೆಸಿಕೊಂಡ ನಾಣ್ಯ ಅಗ್ಗ. ಹುಟ್ಟಿದಂದಿನಿಂದ ಒಂದು ಮೂಟೆ ಜೋಳವನ್ನೂ ಕೊಳ್ಳದೆ ಡಬ್ಬಿಯಲ್ಲಿ ಬಿದ್ದುಕೊಂಡದ್ದು ಪೂಜ್ಯ. 1794ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಹೊರಬಿಟ್ಟ ಡಾಲರುಗಳು 1,758. ಅಂಥದ್ದೊಂದು ಸೋಮಾರಿ 2013ರ ಹರಾಜಿನಲ್ಲಿ ಕೋಟಿ ಡಾಲರ್ ದಾಟಿತು.

ಆಗಿನ ಟಂಕಸಾಲೆಯಲ್ಲಿ ಬಿಲ್ಲೆಯ ತೂಕ ಹೆಚ್ಚಾದರೆ ಅರ ಹಾಕಿ ಉಜ್ಜುತ್ತಿದ್ದರು. ಆ ಗೀರುಗಳನ್ನು ಈಗ ಭೂತಗನ್ನಡಿ ಹಿಡಿದು ದರ್ಶನ ಮಾಡುತ್ತಾರೆ. ಅದೇ ನಾಣ್ಯಕ್ಕೆ ನೀವು, ದೇವರ ಮನೆಯ ಬೆಳ್ಳಿ ಬಟ್ಟಲೆಂದುಕೊಂಡು, ವಿಭೂತಿ ಹಚ್ಚಿ ತಿಕ್ಕಿದಿರೋ, ಬೆಲೆ ಅರ್ಧಕ್ಕೆ ಕುಸಿದೀತು. ಸರ್ಕಾರ ಕೆರೆದರೆ ಇತಿಹಾಸ, ನೀವು ಕೆರೆದರೆ ಅಪಚಾರ.

ಇನ್ನು 1804ರ ಡಾಲರ್. ‘ಅಮೆರಿಕನ್ ನಾಣ್ಯಗಳ ರಾಜ’ ಎಂಬ ಬಿರುದು ಇದಕ್ಕೆ. ಇರುವುದು ಕೆಲವೇ ಕೆಲವು, 1804ರಲ್ಲಿ ಹುಟ್ಟಿದ್ದು ಒಂದೂ ಇಲ್ಲ. 1834ರಲ್ಲಿ ಸಯಾಮಿನ ದೊರೆಗೂ ಮಸ್ಕತ್ತಿನ ಸುಲ್ತಾನನಿಗೂ ನಾಣ್ಯಗಳ ಕಾಣಿಕೆ ಕಳಿಸಬೇಕಾಗಿ ಬಂತು. ಕಡತ ನೋಡಿದರೆ ಕೊನೆಯದಾಗಿ 1804ರಲ್ಲಿ 19,570 ಡಾಲರ್ ಒತ್ತಿದ ಲೆಕ್ಕ. ಅವನ್ನು ಒತ್ತಿದ್ದು ಹಿಂದಿನ ವರ್ಷಗಳ ಅಚ್ಚಿನಲ್ಲಿ ಎಂಬುದು ಯಾರಿಗೆ ಬೇಕು? ಕಡತಕ್ಕೆ ತಕ್ಕ ನಾಣ್ಯವನ್ನೇ ಹೊಸದಾಗಿ ಮಾಡಿದರು. ಸರ್ಕಾರಿ ಕಚೇರಿಯ ಗಾಳಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

1858ರ ಸುಮಾರಿಗೆ ಟಂಕಸಾಲೆಯ ಒಳಗಿನವರೇ ಕದ್ದುಮುಚ್ಚಿ ಇನ್ನಷ್ಟು ಒತ್ತಿದರು. ಬೇರೆ ಬೆಳ್ಳಿ ಕೈಗೆ ಸಿಗಲಿಲ್ಲವೋ ಏನೋ, ಒಂದನ್ನಂತೂ 1857ರ ಸ್ವಿಸ್ ನಾಣ್ಯದ ಮೇಲೆಯೇ ಅಚ್ಚು ಹಾಕಿದರು. ಅದಕ್ಕೆ ಶಿಕ್ಷೆ? ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಕಾಯಂ ವಾಸ. ಸುಲ್ತಾನನ ಕಾಣಿಕೆಯ ನಾಣ್ಯ 2021ರಲ್ಲಿ 76.8 ಲಕ್ಷ ಡಾಲರಿಗೆ ಹೋಯಿತು. ಜನ್ಮದಿನಾಂಕ ತಿದ್ದಿದ ಗುಮಾಸ್ತನ ನೌಕರಿ ಹೋಗುತ್ತದೆ. ಡಾಲರ್ ತಿದ್ದಿಕೊಂಡರೆ ರಾಜ್ಯಾಭಿಷೇಕ!

ಈ ನಾಣ್ಯಗಳಿಗೆಲ್ಲ ಒಂದರಿಂದ ಎಪ್ಪತ್ತರವರೆಗೆ ಅಂಕ ಹಾಕಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿ ಕೂರಿಸುತ್ತಾರೆ. ಆಮೇಲೆ ಕೊಳ್ಳುವವನು ನಾಣ್ಯ ನೋಡುವುದಿಲ್ಲ, ಅಂಕ ನೋಡುತ್ತಾನೆ. ಅರವತ್ತನಾಲ್ಕಕ್ಕೂ ಅರವತ್ತೈದಕ್ಕೂ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣದು, ಬ್ಯಾಂಕ್ ಖಾತೆಗೆ ಕಾಣುತ್ತದೆ. 1949ರಲ್ಲಿ ತಾಮ್ರದ ಸೆಂಟುಗಳಿಗಾಗಿ ಈ ಅಂಕಪಟ್ಟಿ ಹೊಸೆದವನು ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಹೆಚ್ಚಿನ ಅಂಕದ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ಕಡಿಮೆ ಅಂಕದವನ್ನು ಇಟ್ಟವನೂ ಆತನೇ ಎಂಬುದು ಅವನು ಸತ್ತ ಮೇಲೆ ಬಯಲಾಯಿತು. ಅಂಕ ಹಾಕುವುದರಲ್ಲಿ ಅವನ ಕಣ್ಣು ತಪ್ಪಿತ್ತೆಂದು ಮಾತ್ರ ಯಾರೂ ದೂರಲಿಲ್ಲ.