ನೆಲೆಯೂರುಶಾಸ್ತ್ರ: ಟೋಕಿಯೊ ಖಂಡ, ಸವ್ಯಾಖ್ಯಾನ

ಜಪಾನಿ ಕಲಿಯಲೆಂದು ಟೋಕಿಯೊಗೆ ಹೋಗಿ, ಏಪ್ರಿಲ್ ತರಗತಿಗೆ ಮೊದಲೇ ಮನೆ, ಫೋನು, ಬ್ಯಾಂಕು ಮೂರನ್ನೂ ಹೊಂದಿಸಿಕೊಳ್ಳಬೇಕಾದ ಜೀವಿಯೇ ಈ ಶಾಸ್ತ್ರಕ್ಕೆ ಅಧಿಕಾರಿ. ಪ್ರವಾಸಿಗೆ ಇಲ್ಲಿ ಪ್ರವೇಶವಿಲ್ಲ. ಅವನು ಚೆರ್ರಿ ಹೂ ನೋಡಿಕೊಂಡು ಹೋಗಲಿ. ಕಂಪನಿ ಕಳಿಸಿದ ಸಾಫ್ಟ್‌ವೇರ್ ಇಂಜಿನಿಯರಿಗೂ ಇಲ್ಲ. ಅವನ ಯೋಗಕ್ಷೇಮವನ್ನು ಎಚ್.ಆರ್. ಎಂಬ ಇಷ್ಟದೇವತೆ ವಹಿಸಿಕೊಂಡಿರುತ್ತದೆ.

ಮೊದಲ ಪ್ರಮೇಯ: ಆಗತಾನೆ ಬಂದಿಳಿದ ವಿದ್ಯಾರ್ಥಿ ತತ್ತ್ವತಃ ಎಲ್ಲಿಯೂ ಇರುವುದಿಲ್ಲ. ಇದಕ್ಕೆ ಪ್ರತ್ಯಕ್ಷವೇ ಪ್ರಮಾಣ. ನರಿತಾ ವಿಮಾನ ನಿಲ್ದಾಣದಲ್ಲಿ ಕೈಗಿಡುವ ನಿವಾಸ ಕಾರ್ಡಿನಲ್ಲಿ ವಿಳಾಸದ ಜಾಗ ನೋಡಿದರೆ, ಇನ್ನೂ ನಿಶ್ಚಯವಾಗಿಲ್ಲ, ಆದಮೇಲೆ ಹಿಂಬದಿಯಲ್ಲಿ ಬರೆಯಲಾಗುವುದು ಎಂದು ಅಚ್ಚಾಗಿರುತ್ತದೆ. ಅಸ್ತಿ-ನಾಸ್ತಿಯ ಬಗ್ಗೆ ನಮ್ಮ ಮಠಗಳಲ್ಲಿ ಶತಮಾನಗಟ್ಟಲೆ ನಡೆದ ವಾದವನ್ನು ಜಪಾನಿನ ವಲಸೆ ಇಲಾಖೆ ಅಂಗೈಯಗಲದ ಪ್ಲಾಸ್ಟಿಕ್ಕಿನಲ್ಲಿ ಮುಗಿಸಿಬಿಟ್ಟಿದೆ. ಮನೆ ಸೇರಿದ 14 ದಿನಗಳೊಳಗೆ ವಾರ್ಡ್ ಆಫೀಸಿಗೆ ಹೋಗಿ, ಟೋಕನ್ ಹಿಡಿದು ಕೂತು, ಕಾರ್ಡಿನ ಬೆನ್ನಿಗೆ ವಿಳಾಸ ಬರೆಸಿಕೊಂಡರೆ ಅಸ್ತಿತ್ವಪ್ರಾಪ್ತಿ.

ಪೂರ್ವಪಕ್ಷಿ ಕೇಳುತ್ತಾನೆ: “ಹಾಗಾದರೆ ಮನೆ ಹಿಡಿದರಾಯಿತಲ್ಲ?” ಆಗದು. ಮನೆ ತೋರಿಸುವ ಏಜೆಂಟು ಜಪಾನಿನ ಫೋನ್ ನಂಬರು ಕೇಳುತ್ತಾನೆ. ಫೋನ್ ಅಂಗಡಿಯವನು ಬ್ಯಾಂಕ್ ಖಾತೆ ಕೇಳುತ್ತಾನೆ. ಬ್ಯಾಂಕಿನವರು ವಿನಯದಿಂದ ತಲೆಬಾಗಿಸಿ, ಮನೆ ವಿಳಾಸವನ್ನೂ ಫೋನ್ ನಂಬರನ್ನೂ ಕೇಳುತ್ತಾರೆ. ಎರಡು ವಸ್ತುಗಳು ಒಂದಕ್ಕೊಂದು ಆತುಕೊಂಡರೆ ತಾರ್ಕಿಕರು ಅನ್ಯೋನ್ಯಾಶ್ರಯ ಎನ್ನುತ್ತಾರೆ, ಮೂರಾದರೆ ಚಕ್ರಕ. ಅವರ ಮತದಲ್ಲಿ ಇದು ದೋಷ, ಟೋಕಿಯೊದಲ್ಲಿ ಪದ್ಧತಿ. ಶಾಲೆಯವರ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕರೆ ಚಕ್ರ ಮುರಿಯುತ್ತದೆ. ಸಿಗದವನು ‘ರೇಯಿಕಿನ್’ ಎಂಬ ತತ್ತ್ವವನ್ನು ಅನುಭವಿಸಿಯೇ ತಿಳಿಯಬೇಕು. ಮನೆ ಕೊಟ್ಟ ಉಪಕಾರಕ್ಕೆ ಮನೆಯೊಡೆಯನಿಗೆ ಕೊಟ್ಟು ಮರೆತುಬಿಡಬೇಕಾದ ಹಣ ಅದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಹಿಡಿಶಾಪ ಹಾಕಿದವರೂ ಇಲ್ಲಿ ಅದನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಅದಾದರೂ ಸುಣ್ಣಬಣ್ಣದ ಖರ್ಚು ಕಳೆದು ವಾಪಸು ಬರುತ್ತಿತ್ತು.

ಎರಡನೆಯ ಪ್ರಮೇಯ ‘ಹೈ’ಕಾರ. ಹೌದೆನ್ನಲು ಜಪಾನಿನವರು ಬಳಸುವ ಈ ಏಕಾಕ್ಷರಿ, ಭಾಷೆ ಬಾರದವನ ಬಾಯಲ್ಲಿ ತಾನಾಗಿ ಹುಟ್ಟುತ್ತದೆ. ಪ್ರಯೋಗಸ್ಥಳ: ಓಣಿಯ ಕೊನ್ಬಿನಿ ಅಂಗಡಿ. ಸಾಧಕನು ಊಟದ ಡಬ್ಬಿಯೊಂದನ್ನು ಕೌಂಟರಿನ ಮೇಲಿಡುತ್ತಾನೆ. ಬಿಸಿ ಮಾಡಲೇ ಎಂದು ಕೇಳುತ್ತಾಳೆ ಹುಡುಗಿ. ಹೈ. ಚೀಲ ಬೇಕೇ? ಹೈ. (2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ಕಾಸು, ಅಜ್ಞಾನದ ಮೊದಲ ಶುಲ್ಕ.) ಚಾಪ್‌ಸ್ಟಿಕ್? ಹೈ. ಪಾಯಿಂಟ್ ಕಾರ್ಡ್ ಇದೆಯೇ? ಹೈ. ಆಕೆ ಎರಡೂ ಕೈ ಮುಂದೆ ಮಾಡಿ ಕಾಯುತ್ತಾಳೆ. ಇವನೂ ಕಾಯುತ್ತಾನೆ. ಹಿಂದೆ ಕ್ಯೂ ಕಾಯುತ್ತದೆ. ಮೈಕ್ರೋವೇವ್ ಟಿಣ್ ಎಂದಾಗ ಎಲ್ಲರಿಗೂ ಬಿಡುಗಡೆ. ಮೌನದ ಕುರಿತು ಝೆನ್ ಗುರುಗಳು ಏನೇ ಹೇಳಿರಲಿ, ಈ ಮೌನವನ್ನು ಅವರು ನೋಡಿರಲಾರರು.

ಕಸದ ವಿಂಗಡಣೆ ಬೇರೆಯೇ ಗ್ರಂಥಕ್ಕೆ ವಸ್ತು. ತೊಕುಶಿಮಾ ಪ್ರಾಂತದ ಕಮಿಕಾತ್ಸು ಊರಿನಲ್ಲಿ ಕಸಕ್ಕೆ ನಲವತ್ತಕ್ಕೂ ಹೆಚ್ಚು ಬಗೆ. ನಮ್ಮ ಆಲಂಕಾರಿಕರು ರಸವನ್ನು ಒಂಬತ್ತಕ್ಕೆ ಏರಿಸುವಷ್ಟರಲ್ಲೇ ಸುಸ್ತಾಗಿದ್ದರು.

ದ್ರಾವಿಡ ಭಾಷೆಯವರಿಗೆ ಜಪಾನಿ ನುಡಿ ಸುಲಭವಾಗಬೇಕಲ್ಲವೇ ಎಂಬ ಆಕ್ಷೇಪವುಂಟು. ಜಪಾನಿಗೆ ತಮಿಳಿನ ನಂಟಿದೆಯೆಂದು ಓನೊ ಸುಸುಮು (1919–2008) ಎಂಬ ವಿದ್ವಾಂಸರು ವಾದಿಸಿದ್ದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಒಪ್ಪದಿರಲು ನಮ್ಮದೂ ಒಂದು ಕಾರಣವಿದೆ: ವಾರ್ಡ್ ಆಫೀಸಿನಲ್ಲಿ ತಮಿಳರಿಗೆ ಪ್ರತ್ಯೇಕ ಕ್ಯೂ ಇಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಕನ್ನಡಿಗರಿಗೆ ಅನುಕೂಲವೇ ಸರಿ. ಆದರೆ ಗುಮಾಸ್ತರ ವಾಕ್ಯ ಕೊನೆ ಮುಟ್ಟುವವರೆಗೆ ಉಸಿರು ಹಿಡಿದಿರಬೇಕು.

ಇಷ್ಟಾದ ಮೇಲೆ ಶಾಲೆ. ಅಲ್ಲಿ ಮಟ್ಟ ಅಳೆಯುವ ಪರೀಕ್ಷೆ. ಆರೋಗ್ಯ ವಿಮೆಯ ಅರ್ಜಿ ತುಂಬಿ, ಗ್ಯಾಸಿನವನನ್ನು ಮನೆಗೆ ಕರೆಸಿ ಒಲೆ ಹೊತ್ತಿಸಿಕೊಂಡು ಬಂದ ಮಹಾನುಭಾವ, 2136 ನಿತ್ಯಬಳಕೆಯ ಕಾಂಜಿ ಅಕ್ಷರಗಳಲ್ಲಿ ಹತ್ತನ್ನೂ ಗುರುತಿಸಲಾರದೆ ಆರಂಭದ ತರಗತಿಗೆ ಬೀಳುತ್ತಾನೆ. ಮೊದಲ ಪಾಠ: ನಾನು ವಿದ್ಯಾರ್ಥಿ.

ಪೂರ್ವಪಕ್ಷಿ ಸಿಟ್ಟಿಗೇಳುತ್ತಾನೆ: “ಬೇಕಾದ ಜಪಾನಿಯೆಲ್ಲ ಶಾಲೆಗೆ ಮೊದಲೇ ಬೇಕಾಯಿತು. ಮತ್ತೆ ಫೀಸು ಯಾತಕ್ಕೆ?”

ಸಿದ್ಧಾಂತ: ಫೀಸು ವೀಸಾಕ್ಕೆ, ವೀಸಾ ಕಾರ್ಡಿಗೆ, ಕಾರ್ಡು ವಾರ್ಡ್ ಆಫೀಸಿನ ಟೋಕನ್ನಿಗೆ. ಇನ್ನು ಹಾಜರಾತಿ ಕಡಿಮೆಯಾದರೆ ವೀಸಾ ನವೀಕರಣಕ್ಕೆ ಸಂಚಕಾರ. ಆದ್ದರಿಂದ ವಾದವನ್ನು ಇಲ್ಲಿಗೇ ಬಿಟ್ಟು ವಾದಿ-ಪ್ರತಿವಾದಿಗಳಿಬ್ಬರೂ ಒಂಬತ್ತು ಗಂಟೆಯ ತರಗತಿಗೆ ಓಡತಕ್ಕದ್ದು.